ಹೊಲಿಗೆಯ ಬಾಳಿಕೆ ಕೇಳುವ ಮೊದಲು

ಸೊಂಟದ ಕೀಲಿನ ಲೇಬ್ರಮ್ ಹರಿದಿದೆ ಎಂಬ ವರದಿ ಕೈಯಲ್ಲಿರುವ ಎಲ್ಲರಿಗೆ ಒಂದು ಬಹಿರಂಗ ಪತ್ರ



ನಿಮ್ಮಲ್ಲಿ ಶಟಲ್ ಆಡುವವರಿದ್ದೀರಿ, ಭರತನಾಟ್ಯದವರಿದ್ದೀರಿ, ಜಿಮ್ಮಿನಲ್ಲಿ ಸ್ಕ್ವಾಟ್ ಹೊಡೆಯುವವರಿದ್ದೀರಿ. ಯಾವ ಆಟವನ್ನೂ ಆಡದೆ, ದಿನವಿಡೀ ಕಂಪ್ಯೂಟರ್ ಮುಂದೆ ಕೂತೇ ತೊಡೆಸಂದಿನ ನೋವು ಹತ್ತಿಸಿಕೊಂಡವರೂ ಇದ್ದೀರಿ. ಎಲ್ಲರ ಕೈಯಲ್ಲೂ ಒಂದು ಎಂಆರ್‌ಐ ವರದಿ, ಅದರಲ್ಲಿ ಪೆನ್ನಿನಿಂದ ಅಡಿಗೆರೆ ಹಾಕಿದ ಒಂದು ಸಾಲು: ಲೇಬ್ರಲ್ ಟೇರ್. ಕೆಲವರಿಗೆ ಆಪರೇಷನ್ನಿನ ದಿನಾಂಕವೂ ಗೊತ್ತಾಗಿರುತ್ತದೆ.

ನಾನು ಮೈಸೂರಿನಲ್ಲಿ ಫಿಸಿಯೋಥೆರಪಿ ಮಾಡುವವಳು. ಆಪರೇಷನ್‌ಗೆ ಮುಂಚೆ ಒಂದು ಮಾತು ಕೇಳಿಕೊಂಡು ಹೋಗೋಣ ಎಂದು ಕೆಲವರು ಬರುತ್ತೀರಿ. ಆದ ಮೇಲೆ ಊರುಗೋಲು ಹಿಡಿದು ಹೆಚ್ಚಿನವರು ಬರುತ್ತೀರಿ. ವರ್ಷಗಳು ಉರುಳಿದ ಮೇಲೆ "ಮತ್ತೆ ಶುರುವಾಗಿದೆ ಮೇಡಂ" ಎಂದು ಬರುವವರೂ ಉಂಟು. ಮೂರೂ ಥರದವರು ಕೇಳುವುದು ಒಂದೇ ಪ್ರಶ್ನೆ: "ಹೊಲಿಗೆ ಎಷ್ಟು ವರ್ಷ ಬರುತ್ತೆ?"

ಈ ಪ್ರಶ್ನೆಗೆ ಉತ್ತರವಿದೆ, ಅದನ್ನು ಅಂಕಿ ಸಮೇತ ಹೇಳುತ್ತೇನೆ. ಆದರೆ ಆ ಅಂಕಿಗಳನ್ನೆಲ್ಲ ಮುಂದಿಟ್ಟುಕೊಂಡು ನೋಡಿದರೆ, ಹತ್ತು ವರ್ಷದ ಫಲಿತಾಂಶವನ್ನು ನಿರ್ಧರಿಸುವುದು ಹೊಲಿಗೆಗಿಂತ ಹೆಚ್ಚಾಗಿ, ಹೊಲಿಗೆ ಬೀಳುವ ಹಿಂದಿನ ದಿನ ನಿಮ್ಮ ಕೀಲು ಯಾವ ಸ್ಥಿತಿಯಲ್ಲಿತ್ತು ಎಂಬುದು. ಅದಕ್ಕಾಗಿಯೇ ಆಪರೇಷನ್ ಆದವರಿಗಿಂತ ಇನ್ನೂ ಆಗದವರಿಗೆ ಈ ಪತ್ರ ಹೆಚ್ಚು ಉಪಯೋಗಕ್ಕೆ ಬಂದೀತು.

ಮೊದಲು ಹರಿದಿರುವುದು ಏನು ಎಂದು ನೋಡೋಣ. ತೊಡೆಮೂಳೆಯ ಮೇಲ್ತುದಿಯಲ್ಲಿರುವ ಗುಂಡು, ಸೊಂಟದ ಎಲುಬಿನಲ್ಲಿರುವ ಬಟ್ಟಲಿನೊಳಗೆ ಕೂತಿರುತ್ತದೆ. ಆ ಬಟ್ಟಲಿನ ಅಂಚಿಗೆ ಸುತ್ತಲೂ ಅಂಟಿಕೊಂಡಿರುವ ನಾರುನಾರಾದ ಮೃದ್ವಸ್ಥಿಯ ಉಂಗುರವೇ ಲೇಬ್ರಮ್. ಪ್ರೆಶರ್ ಕುಕ್ಕರಿನ ಮುಚ್ಚಳದೊಳಗಿನ ಗ್ಯಾಸ್ಕೆಟ್ ಹಬೆ ಹೊರಹೋಗದಂತೆ ಹಿಡಿಯುವ ಹಾಗೆ, ಇದು ಕೀಲಿನೊಳಗಿನ ದ್ರವ ಸೋರಿಹೋಗದಂತೆ ಹಿಡಿದಿಡುತ್ತದೆ. ಅದರಲ್ಲಿ ನರದ ತುದಿಗಳಿವೆ, ಹಾಗಾಗಿ ಹರಿದರೆ ನೋಯಬಲ್ಲದು. ರಕ್ತಪೂರೈಕೆ ಕಡಿಮೆ, ಹಾಗಾಗಿ ತಾನೇ ಕೂಡಿಕೊಳ್ಳುವುದು ಅಪರೂಪ.

ನೋವು ಕೊಡುವಂತೆ ಅದು ಸುಮ್ಮನೆ ಹರಿಯುವುದೂ ಅಪರೂಪ. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಸರ್ಜನ್ ರೈನ್‌ಹೋಲ್ಡ್ ಗಾಂಜ್ ಮತ್ತು ಅವರ ಸಂಗಡಿಗರು 2003ರಲ್ಲಿ ಪ್ರಕಟಿಸಿದ ಲೇಖನ ಈ ವಿಷಯದ ದಿಕ್ಕನ್ನೇ ಬದಲಿಸಿತು: ತೊಂದರೆಯ ಮೂಲ ಎಲುಬಿನ ಆಕಾರದಲ್ಲಿದೆ ಎಂದು. ತೊಡೆಮೂಳೆಯ ಕುತ್ತಿಗೆಯ ಬಳಿ ಉಬ್ಬಿದ್ದರೆ ಅದು ಕ್ಯಾಮ್. ಬಟ್ಟಲಿನ ಅಂಚು ಮುಂದಕ್ಕೆ ಚಾಚಿಕೊಂಡಿದ್ದರೆ ಪಿನ್ಸರ್. ತೊಡೆ ಮಡಿಸಿದಾಗಲೆಲ್ಲ ಎಲುಬಿಗೆ ಎಲುಬು ಇಕ್ಕಟ್ಟಾಗಿ ನಡುವಿನ ಲೇಬ್ರಮ್ ಜಜ್ಜಿಹೋಗುತ್ತದೆ, ಅದರ ಒತ್ತಿನ ಮೃದ್ವಸ್ಥಿ ಬಟ್ಟಲಿನ ಗೋಡೆಯಿಂದ ಸಿಪ್ಪೆಯೇಳುತ್ತದೆ. ಈ ಇಕ್ಕಟ್ಟನ್ನು ವೈದ್ಯರು ಇಂಪಿಂಜ್‌ಮೆಂಟ್ ಎನ್ನುತ್ತಾರೆ. ಕ್ಯಾಮ್ ಉಬ್ಬು ಹೆಚ್ಚಾಗಿ ಹದಿಹರೆಯದಲ್ಲಿ, ಎಲುಬು ಇನ್ನೂ ಬೆಳೆಯುತ್ತಿರುವಾಗ ರೂಪುಗೊಳ್ಳುತ್ತದೆ. ಆ ವಯಸ್ಸಿನಲ್ಲಿ ಫುಟ್‌ಬಾಲ್, ಐಸ್ ಹಾಕಿಯಂಥ ಆಟಗಳನ್ನು ಬಿರುಸಾಗಿ ಆಡಿದವರಲ್ಲಿ ಅದು ಹೆಚ್ಚು ಕಾಣುತ್ತದೆ. ಆದ್ದರಿಂದ ಇಂದು ಲೇಬ್ರಲ್ ರಿಪೇರಿ ಎಂದರೆ ಬರೀ ಹೊಲಿಗೆಯಲ್ಲ. ಹರಿದ ಅಂಚನ್ನು ಪುಟ್ಟ ಆಂಕರ್‌ಗಳಿಂದ ಎಲುಬಿಗೆ ಕಟ್ಟಿ, ಇಕ್ಕಟ್ಟು ಮಾಡುವ ಉಬ್ಬನ್ನು ಕೆತ್ತಿ ತೆಗೆಯುತ್ತಾರೆ. ಉಬ್ಬು ಉಳಿದುಹೋದರೆ ಹೊಲಿಗೆ ಎಷ್ಟು ಚೆನ್ನಾಗಿದ್ದರೂ ತೊಂದರೆ ಮರುಕಳಿಸಬಹುದು. ಎರಡನೆಯ ಬಾರಿ ಆಪರೇಷನ್ ಮಾಡಿಸಿಕೊಳ್ಳಬೇಕಾಗಿ ಬಂದವರಲ್ಲಿ ಮತ್ತೆ ಮತ್ತೆ ಕಂಡುಬರುವ ಕಾರಣ ಇದೇ.

ಇಷ್ಟು ತಿಳಿದ ಮೇಲೆ ನಿಮ್ಮ ಕೈಯಲ್ಲಿರುವ ವರದಿಯನ್ನು ಇನ್ನೊಮ್ಮೆ ನೋಡಿ. ಅಮೆರಿಕದಲ್ಲಿ ಸೊಂಟದ ನೋವೇ ಇಲ್ಲದ 45 ಮಂದಿಯನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿ ನೋಡಿದರು. ಅವರ ಸರಾಸರಿ ವಯಸ್ಸು 38ರ ಆಸುಪಾಸು. 2012ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಅವರಲ್ಲಿ ಶೇ 69ರಷ್ಟು ಮಂದಿಯ ಲೇಬ್ರಮ್ ಹರಿದಿತ್ತು. ನೋವಿಲ್ಲ, ಕುಂಟಿಲ್ಲ, ದೂರಿಲ್ಲ, ಆದರೂ ಹರಿದಿದೆ. ಅಂದಮೇಲೆ ನಿಮ್ಮ ವರದಿಯ ಅಡಿಗೆರೆ ಹಾಕಿದ ಸಾಲು ನಿಮ್ಮ ನೋವಿನ ಕಾರಣವೂ ಆಗಿರಬಹುದು, ವಯಸ್ಸಿನ ಜೊತೆ ಬಂದ ಗುರುತೂ ಆಗಿರಬಹುದು. 2016ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಮಾಡಿಕೊಂಡ ವಾರಿಕ್ ಒಪ್ಪಂದ ಹೇಳುವುದೂ ಇದನ್ನೇ: ರೋಗಿ ಹೇಳುವ ನೋವು, ಕೈಯಿಂದ ಪರೀಕ್ಷಿಸಿದಾಗ ಕಾಣುವ ಚಿಹ್ನೆ, ಎಕ್ಸ್‌ರೇಯಲ್ಲಿ ಕಾಣುವ ಎಲುಬಿನ ಆಕಾರ, ಈ ಮೂರೂ ಒಂದೇ ಕಡೆ ಬೆರಳು ತೋರಿಸಿದರೆ ಮಾತ್ರ ಇಂಪಿಂಜ್‌ಮೆಂಟ್ ಎನ್ನಬೇಕು.

ಬಂದವರಿಗೆ ನಾನು ಮೊದಲು ಹೇಳುವುದು, ನೋವು ಎಲ್ಲಿ ಎಂದು ಕೈಯಿಟ್ಟು ತೋರಿಸಿ ಎಂದು. ಬೆನ್ನಿನ ತೊಂದರೆಯವರು ಹಿಂದೆ, ಬೆಲ್ಟ್ ಕೂರುವ ಜಾಗಕ್ಕೆ ಕೈ ಹಾಕುತ್ತಾರೆ. ಕೀಲಿನೊಳಗೆ ನೋವಿರುವವರು ಸಾಮಾನ್ಯವಾಗಿ ಹೆಬ್ಬೆರಳನ್ನು ಹಿಂದಕ್ಕಿಟ್ಟು, ಉಳಿದ ಬೆರಳುಗಳನ್ನು ಮುಂದೆ ತೊಡೆಸಂದಿನ ಕಡೆ ಚಾಚಿ, ಪಕ್ಕೆಯನ್ನು ಕೈತುಂಬ ಹಿಡಿದು "ಒಳಗೆ, ಇಲ್ಲೆಲ್ಲೋ" ಎನ್ನುತ್ತಾರೆ. ಆಮೇಲೆ ಅಂಗಾತ ಮಲಗಿಸಿ, ಮಂಡಿ ಮಡಿಸಿ ತೊಡೆಯನ್ನು ಹೊಟ್ಟೆಯ ಕಡೆಗೆ ತಂದು, ಮಂಡಿಯನ್ನು ಎದುರು ಭುಜದತ್ತ ಒತ್ತಿ, ಪಾದವನ್ನು ಹೊರಕ್ಕೆ ತಿರುಗಿಸುತ್ತೇನೆ. ಕೀಲು ಕೆರಳಿದ್ದರೆ ಮಾತಿನ ನಡುವೆಯೇ ಮುಖ ಕಿವುಚಿಕೊಳ್ಳುತ್ತದೆ. ಹೀಗೆ ತಿರುಗಿಸಿದಾಗಲೂ ನೋಯದಿದ್ದರೆ ತೊಂದರೆ ಬೇರೆಲ್ಲೋ ಇರುವ ಸಾಧ್ಯತೆ ಹೆಚ್ಚು. ನೋಯಿತು ಎಂದ ಮಾತ್ರಕ್ಕೆ ಲೇಬ್ರಮ್ಮೇ ಕಾರಣ ಎಂದೂ ಆಗದು. ಅನುಮಾನ ಉಳಿದರೆ, ಸ್ಕ್ಯಾನ್ ನೋಡಿಕೊಂಡು ಕೀಲಿನೊಳಗೆ ಮರಗಟ್ಟಿಸುವ ಔಷಧಿ ಚುಚ್ಚಿ, ಆ ಕೆಲವು ಗಂಟೆಗಳಲ್ಲಿ ನೋವು ಮಾಯವಾಗುತ್ತದೆಯೇ ಎಂದು ನೋಡುವ ಕ್ರಮವೂ ಇದೆ. ಇಂಜೆಕ್ಷನ್ ಕೊಟ್ಟರೂ ನೋವು ಒಂದಿಷ್ಟೂ ಇಳಿಯದವರು ಆಪರೇಷನ್ ಟೇಬಲ್ ಹತ್ತುವ ಮುನ್ನ ಎರಡು ಸಲ ಯೋಚಿಸಬೇಕು.

ಈಗ ಫಲಿತಾಂಶಕ್ಕೆ ಬರೋಣ. ದೂರದ ಫಲಿತಾಂಶ ನೋಡುವ ಮೊದಲು ಹತ್ತಿರದ್ದನ್ನು ನೋಡಬೇಕು, ಏಕೆಂದರೆ ಗಟ್ಟಿಯಾದ ಪುರಾವೆ ಇರುವುದು ಅಲ್ಲಿ. ಬ್ರಿಟನ್ನಿನ 23 ಆಸ್ಪತ್ರೆಗಳು ಸೇರಿ 348 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಆರ್ಥ್ರೋಸ್ಕೋಪಿ (ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಇಳಿಸಿ ಮಾಡುವ ಆಪರೇಷನ್), ಇನ್ನೊಂದಕ್ಕೆ ಅವರವರಿಗೆ ತಕ್ಕಂತೆ ಹೊಂದಿಸಿದ ಫಿಸಿಯೋಥೆರಪಿ ಕೊಟ್ಟವು. ಫ್ಯಾಷನ್ ಎಂಬ ಹೆಸರಿನ ಈ ಅಧ್ಯಯನ 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಸೊಂಟದ ಸ್ಥಿತಿಯನ್ನು ನೂರಕ್ಕೆ ಲೆಕ್ಕ ಹಾಕುವ ಪ್ರಶ್ನಾವಳಿಯಲ್ಲಿ ಒಂದು ವರ್ಷದ ನಂತರ ಆಪರೇಷನ್ ಆದವರ ಸರಾಸರಿ 58.8, ವ್ಯಾಯಾಮದವರದ್ದು 49.7. ಆರಂಭದಲ್ಲಿದ್ದ ವ್ಯತ್ಯಾಸವನ್ನು ಸರಿದೂಗಿಸಿದ ಮೇಲೆ ಉಳಿದ ಅಂತರ 6.8. ರೋಗಿಗೆ ಗೊತ್ತಾಗುವಷ್ಟು ಅಂತರ ಎಂದು ಅವರು ಮೊದಲೇ ಇಟ್ಟುಕೊಂಡಿದ್ದ ಗಡಿ 6.1. ಮರುವರ್ಷ ಬಿಎಂಜೆ ಪತ್ರಿಕೆಯಲ್ಲಿ ಬಂದ ಫೇಟ್ ಎಂಬ ಇನ್ನೊಂದು ಬ್ರಿಟಿಷ್ ಅಧ್ಯಯನ 222 ರೋಗಿಗಳನ್ನು ಎಂಟು ತಿಂಗಳ ಬಳಿಕ ನೋಡಿತು. ಮನಗಾಣುವಷ್ಟು ಸುಧಾರಣೆ ಕಂಡವರು ಆಪರೇಷನ್ ಗುಂಪಿನಲ್ಲಿ ಶೇ 51, ಫಿಸಿಯೋಥೆರಪಿ ಗುಂಪಿನಲ್ಲಿ ಶೇ 32.

ಈ ಅಂಕಿಗಳನ್ನು ನನ್ನ ವೃತ್ತಿಯ ಅಭಿಮಾನ ಪಕ್ಕಕ್ಕಿಟ್ಟು ಓದುತ್ತೇನೆ: ಸರಿಯಾಗಿ ಆರಿಸಿದ ರೋಗಿಗಳಲ್ಲಿ ಆಪರೇಷನ್, ಫಿಸಿಯೋಥೆರಪಿಗಿಂತ ಮೇಲು. ಇದನ್ನು ಅಲ್ಲಗಳೆಯುವ ನನ್ನ ವೃತ್ತಿಬಾಂಧವರು ರೋಗಿಗೆ ಅನ್ಯಾಯ ಮಾಡುತ್ತಾರೆ. ಅದೇ ಅಂಕಿಗಳ ಇನ್ನೊಂದು ಮಗ್ಗುಲು ನಿಮ್ಮ ಕಣ್ಣಿಗೂ ಬೀಳಬೇಕು. ಆಪರೇಷನ್ ಆದವರ ಸರಾಸರಿ ನೂರಕ್ಕೆ ಅರವತ್ತನ್ನೂ ಮುಟ್ಟಲಿಲ್ಲ. ಎರಡನೆಯ ಅಧ್ಯಯನದಲ್ಲಿ ಆಪರೇಷನ್ ಆದ ಸುಮಾರು ಅರ್ಧ ಮಂದಿಗೆ ಅಷ್ಟು ಹೊತ್ತಿಗೆ ಹೇಳಿಕೊಳ್ಳುವಂಥ ಬದಲಾವಣೆ ಕಂಡಿರಲಿಲ್ಲ. "ಮೊದಲಿನ ಹಾಗೇ ಆಗ್ತೀರಿ" ಎಂಬ ಭರವಸೆಗೆ ಈ ಅಂಕಿಗಳಲ್ಲಿ ಆಧಾರವಿಲ್ಲ.

ಉಬ್ಬನ್ನು ಕೆತ್ತುವುದರಿಂದಲೇ ನೋವು ಇಳಿಯುತ್ತದೆಯೇ ಎಂದು ಕೆನಡಾದ ತಂಡವೊಂದರ ಮುಂದಾಳತ್ವದಲ್ಲಿ 220 ರೋಗಿಗಳ ಮೇಲೆ ಅಧ್ಯಯನ ನಡೆಯಿತು. ಒಂದು ಗುಂಪಿಗೆ ಎಲುಬು ಕೆತ್ತಿದರು, ಇನ್ನೊಂದಕ್ಕೆ ಕೀಲನ್ನು ತೊಳೆದು ಬಿಟ್ಟರು. ಅಗತ್ಯ ಕಂಡಾಗ ಎರಡರಲ್ಲೂ ಲೇಬ್ರಮ್ ಹೊಲಿದರು. 2021ರಲ್ಲಿ ಬಂದ ಫಲಿತಾಂಶದಲ್ಲಿ ಒಂದು ವರ್ಷದ ನೋವಿನ ಅಂಕ ಎರಡೂ ಗುಂಪಿನಲ್ಲಿ ಹೆಚ್ಚುಕಮ್ಮಿ ಒಂದೇ. ಎರಡು ವರ್ಷದ ಹೊತ್ತಿಗೆ ಮತ್ತೆ ಆಪರೇಷನ್ ಬೇಕಾದವರು ಮಾತ್ರ ಕೆತ್ತಿಸಿಕೊಂಡವರಲ್ಲಿ ಕಡಿಮೆ. ಮೊದಲ ವರ್ಷದ ನೆಮ್ಮದಿಯನ್ನು ನೋಡಿ ಮುಂದಿನ ವರ್ಷಗಳ ಭವಿಷ್ಯ ನುಡಿಯಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಇನ್ನು ಹತ್ತು ವರ್ಷದ ಮಾತು. ಅಮೆರಿಕದ ಕೊಲರಾಡೊ ರಾಜ್ಯದ ವೇಲ್ ಎಂಬ ಗುಡ್ಡಗಾಡಿನ ಊರು ಈ ಶಸ್ತ್ರಚಿಕಿತ್ಸೆಗೆ ಹೆಸರಾದದ್ದು. ಅಲ್ಲಿನ ಸರ್ಜನ್ ಮಾರ್ಕ್ ಫಿಲಿಪನ್ ಇದನ್ನು ಜನಪ್ರಿಯಗೊಳಿಸಿದವರಲ್ಲಿ ಪ್ರಮುಖರು. ಅವರ ತಂಡ 2017ರಲ್ಲಿ ತನ್ನದೇ ಹಳೆಯ ರೋಗಿಗಳ ಹತ್ತು ವರ್ಷದ ಲೆಕ್ಕ ಮುಂದಿಟ್ಟಿತು: 145 ಮಂದಿ, 154 ಕೀಲು. 79 ಕೀಲುಗಳಲ್ಲಿ ಲೇಬ್ರಮ್ಮನ್ನು ಹೊಲಿದಿದ್ದರು, 75ರಲ್ಲಿ ಹರಿದ ಚೂರನ್ನು ಕತ್ತರಿಸಿ ಸವರಿದ್ದರು. ಹತ್ತು ವರ್ಷದೊಳಗೆ 50 ಮಂದಿ, ಅಂದರೆ ಶೇ 34ರಷ್ಟು ಜನ, ಪೂರ್ತಿ ಕೀಲನ್ನೇ ಬದಲಾಯಿಸಿಕೊಂಡಿದ್ದರು. ಉಳಿದವರಲ್ಲಿ ಬಹುತೇಕರು ಹತ್ತು ವರ್ಷದ ನಂತರವೂ ತೃಪ್ತರಾಗಿದ್ದರು.

ಮೂವರಲ್ಲಿ ಒಬ್ಬರು ಎಂದು ಕೇಳಿದೊಡನೆ ಎದೆ ಧಸಕ್ಕೆನ್ನುವುದು ಸಹಜ. ಆದರೆ ಆ ಒಬ್ಬರು ಯಾರು ಎಂದು ಕೇಳಿದಾಗಲೇ ಈ ಅಂಕಿ ನಿಮ್ಮ ಕೆಲಸಕ್ಕೆ ಬರುವುದು. ಕೀಲು ಬದಲಾಯಿಸಬೇಕಾಗಿ ಬಂದದ್ದು ಹೆಚ್ಚಾಗಿ ವಯಸ್ಸಾದವರಿಗೆ, ಆಪರೇಷನ್‌ಗೆ ಮುಂಚೆಯೇ ಎಕ್ಸ್‌ರೇಯಲ್ಲಿ ಕೀಲಿನ ಸಂದು 2 ಮಿಲಿಮೀಟರ್ ಅಥವಾ ಅದಕ್ಕಿಂತ ಕಿರಿದಾಗಿದ್ದವರಿಗೆ, ಮತ್ತು ಬಟ್ಟಲಿನೊಳಗೆ ಮೃದ್ವಸ್ಥಿ ಪೂರ್ತಿ ಕಿತ್ತುಹೋಗಿ ಬರಿಯ ಎಲುಬಿಗೆ ಸಣ್ಣ ರಂಧ್ರ ಕೊರೆಯುವ ಮೈಕ್ರೋಫ್ರ್ಯಾಕ್ಚರ್ ಬೇಕಾದವರಿಗೆ. ಎಕ್ಸ್‌ರೇಯಲ್ಲಿ ಎರಡು ಎಲುಬಿನ ನಡುವೆ ಕಪ್ಪಗೆ ಕಾಣುವ ಜಾಗ ಖಾಲಿ ಜಾಗವಲ್ಲ, ಅದು ಮೃದ್ವಸ್ಥಿ. ಎಕ್ಸ್‌ರೇಗೆ ಅದು ಕಾಣುವುದಿಲ್ಲ, ಅಷ್ಟೇ. ಆ ಜಾಗ ಕಿರಿದಾಗಿದೆ ಎಂದರೆ ಮೃದ್ವಸ್ಥಿ ಆಗಲೇ ಸವೆದಿದೆ. ಸವೆದ ಕೀಲಿನ ಅಂಚಿಗೆ ಎಷ್ಟು ಚೊಕ್ಕಟವಾಗಿ ಹೊಲಿಗೆ ಹಾಕಿದರೂ ಸವೆದದ್ದು ಹಿಂದಕ್ಕೆ ಬರುವುದಿಲ್ಲ.

ಅದೇ ಅಧ್ಯಯನದಲ್ಲಿ ಇನ್ನೊಂದು ವಿಷಯವಿದೆ. ಹೊಲಿಸಿಕೊಂಡವರಿಗೂ ಸವರಿಸಿಕೊಂಡವರಿಗೂ ಹತ್ತು ವರ್ಷದ ಬಳಿಕ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಹಾಗಾದರೆ ಹೊಲಿಯುವುದೇ ವ್ಯರ್ಥವೇ? ಹಾಗೆ ತೀರ್ಮಾನಿಸಬೇಡಿ. ಅವು ಈ ಶತಮಾನದ ಮೊದಲ ದಶಕದ ಆಪರೇಷನ್‌ಗಳು, ಒಂದೇ ಕೇಂದ್ರದವು, ಯಾರಿಗೆ ಹೊಲಿಗೆ ಯಾರಿಗೆ ಕತ್ತರಿ ಎಂಬುದನ್ನು ಚೀಟಿ ಎತ್ತಿ ಹಂಚಿದ್ದಲ್ಲ. ಹೊಲಿಗೆಯ ಪರವಾಗಿಯೂ ಅಧ್ಯಯನಗಳಿವೆ. 2012ರಲ್ಲಿ ಅಮೆರಿಕದ ಕ್ರಿಸ್ಟಫರ್ ಲಾರ್ಸನ್ ತಂಡ ಸುಮಾರು ಮೂರೂವರೆ ವರ್ಷದ ಲೆಕ್ಕ ಕೊಟ್ಟಾಗ, ಲೇಬ್ರಮ್ಮನ್ನು ಮರುಜೋಡಿಸಿದವರಲ್ಲಿ ಶೇ 92 ಮಂದಿಗೆ ಒಳ್ಳೆಯ ಫಲಿತಾಂಶ, ಸವರಿದವರಲ್ಲಿ ಶೇ 68. ಕೀಲಿನ ದ್ರವವನ್ನು ಹಿಡಿದಿಡುವ ಉಂಗುರವನ್ನು ಸಾಧ್ಯವಾದಷ್ಟು ಉಳಿಸಿಕೊಳ್ಳುವುದು ಒಳ್ಳೆಯದು ಎಂಬುದರಲ್ಲಿ ಇಂದು ಹೆಚ್ಚಿನ ಸರ್ಜನ್ನರು ಒಮ್ಮತದಲ್ಲಿದ್ದಾರೆ, ಅದು ಸರಿ ಎಂದೇ ನನಗೂ ತೋರುತ್ತದೆ. ಆದರೆ ಹೊಲಿಗೆಯೋ ಕತ್ತರಿಯೋ ಎಂಬ ಪ್ರಶ್ನೆಗಿಂತ ಮೃದ್ವಸ್ಥಿ ಎಷ್ಟು ಉಳಿದಿದೆ ಎಂಬ ಪ್ರಶ್ನೆ ದೊಡ್ಡದು. ರೋಗಿಗಳು ಮೊದಲನೆಯದನ್ನು ಕೇಳುತ್ತೀರಿ, ಎರಡನೆಯದನ್ನು ಕೇಳುವವರನ್ನು ನಾನು ಕಂಡದ್ದು ಕಡಿಮೆ.

ನಿಮ್ಮಲ್ಲಿ ಹಲವರು ಬಂದು ಹೇಳುವ ಮಾತೊಂದಿದೆ: "ಈಗ ಮಾಡಿಸದಿದ್ರೆ ಐವತ್ತಕ್ಕೆಲ್ಲ ಕೀಲು ಬದಲಾಯಿಸ್ಬೇಕಾಗುತ್ತೆ ಅಂದ್ರು." ಯಾರು ಅಂದರು ಎಂದು ನಾನು ಕೇಳುವುದಿಲ್ಲ. ಕ್ಯಾಮ್ ಉಬ್ಬಿಗೂ ಮುಂದೆ ಬರುವ ಸಂಧಿವಾತಕ್ಕೂ ನಂಟಿರುವುದು ನಿಜ. ಉಬ್ಬು ದೊಡ್ಡದಿದ್ದಷ್ಟೂ, ಕೀಲು ಒಳಕ್ಕೆ ತಿರುಗುವುದು ಕಡಿಮೆಯಾದಷ್ಟೂ ಅಪಾಯ ಹೆಚ್ಚು. ಆದರೆ ಉಬ್ಬಿರುವ ಬಹುಪಾಲು ಜನರಿಗೆ ಸಂಧಿವಾತ ಬರುವುದೇ ಇಲ್ಲ. ಉಬ್ಬನ್ನು ಕೆತ್ತಿ ಲೇಬ್ರಮ್ ಹೊಲಿದರೆ ಮುಂದಿನ ಸವೆತ ನಿಲ್ಲುತ್ತದೆ ಎಂದು ಇದುವರೆಗೆ ಯಾವ ಅಧ್ಯಯನವೂ ಸಾಬೀತು ಮಾಡಿಲ್ಲ. ಈ ಆಪರೇಷನ್ ಮಾಡಿಸಿಕೊಳ್ಳಬೇಕಾದ್ದು ಇಂದಿನ ನೋವಿಗಾಗಿ. ನೋವೇ ಇಲ್ಲದಿದ್ದರೆ, ನಾಳೆಯ ಭಯಕ್ಕಾಗಿ ಮಾಡಿಸಿಕೊಳ್ಳಬೇಡಿ.

ಆಟಗಾರರಿಗೆ ಬೇರೆಯಾಗಿಯೇ ಹೇಳಬೇಕು. "ಎಷ್ಟು ಜನ ಆಟಕ್ಕೆ ಮರಳುತ್ತಾರೆ" ಎಂದು ಕೇಳಿದರೆ ಬಹಳ ದೊಡ್ಡ ಅಂಕಿ ಸಿಗುತ್ತದೆ, ಏಕೆಂದರೆ ಸಂಜೆ ಒಂದು ಗೇಮ್ ಆಡಿದರೂ ಮರಳಿದಂತೆಯೇ ಲೆಕ್ಕ. ಡೆನ್ಮಾರ್ಕಿನ ಸಂಶೋಧಕರು ಪ್ರಶ್ನೆಯನ್ನು ಬಿಗಿಗೊಳಿಸಿದರು. 18ರಿಂದ 30 ವರ್ಷದ 189 ಆಟಗಾರರನ್ನು ಕೇಳಿದಾಗ, ಮೊದಲಿನ ಆಟಕ್ಕೆ ಮೊದಲಿನ ಮಟ್ಟದಲ್ಲೇ ಮರಳಿದವರು ಶೇ 57. ತಮ್ಮ ಅತ್ಯುತ್ತಮ ಆಟವನ್ನು ಮತ್ತೆ ಆಡುತ್ತಿದ್ದೇವೆ ಎಂದವರು ಒಟ್ಟು ಗುಂಪಿನಲ್ಲಿ ಶೇ 17ರಷ್ಟು ಮಾತ್ರ. 2018ರಲ್ಲಿ ಇದು ಪ್ರಕಟವಾದ ಮೇಲೆ ನಾನು ಆಟಗಾರರಿಗೆ ಮರಳುವ ಮಾತನ್ನು ಎರಡು ಭಾಗ ಮಾಡಿ ಹೇಳುತ್ತೇನೆ: ಅಂಗಳಕ್ಕೆ ಇಳಿಯುವುದು ಒಂದು, ಹಳೆಯ ಆಟ ಆಡುವುದು ಇನ್ನೊಂದು.

ಟೆನಿಸ್ ನೋಡುವವರಿಗೆ ಮೂರು ಹೆಸರು ಗೊತ್ತಿರುತ್ತವೆ. ಬ್ರೆಜಿಲ್‌ನ ಗುಸ್ಟಾವೊ ಕುರ್ಟೆನ್ ಮೂರು ಸಲ ಫ್ರೆಂಚ್ ಓಪನ್ ಗೆದ್ದವರು. 2002ರಲ್ಲಿ ಸೊಂಟದ ಆರ್ಥ್ರೋಸ್ಕೋಪಿ ಆಯಿತು. ಮರಳಿ ಬಂದು 2004ರ ಫ್ರೆಂಚ್ ಓಪನ್‌ನಲ್ಲಿ ಅಗ್ರಶ್ರೇಯಾಂಕದ ಫೆಡರರ್‌ರನ್ನು ನೇರ ಸೆಟ್‌ಗಳಲ್ಲಿ ಸೋಲಿಸಿದರು. ಅದೇ ವರ್ಷ ಮತ್ತೊಂದು ಆಪರೇಷನ್, 2008ರಲ್ಲಿ ನಿವೃತ್ತಿ, 2013ರಲ್ಲಿ ಕೃತಕ ಕೀಲು. ಆಸ್ಟ್ರೇಲಿಯಾದ ಲೇಟನ್ ಹೆವಿಟ್‌ಗೆ 2008ರಲ್ಲೂ 2010ರಲ್ಲೂ ಸೊಂಟದ ಆಪರೇಷನ್ ಆಯಿತು. 2010ರಲ್ಲೇ ಹ್ಯಾಲೆ ಟೂರ್ನಿಯ ಫೈನಲ್‌ನಲ್ಲಿ ಫೆಡರರ್‌ರನ್ನು ಮಣಿಸಿದರು, 2016ರವರೆಗೆ ಆಡಿದರು. ಬ್ರಿಟನ್ನಿನ ಆಂಡಿ ಮರ‍್ರೆಗೆ 2018ರ ಜನವರಿಯಲ್ಲಿ ಮೆಲ್ಬರ್ನ್‌ನಲ್ಲಿ ಆಪರೇಷನ್, ನೋವು ನಿಲ್ಲಲಿಲ್ಲ. ಒಂದು ವರ್ಷದಲ್ಲಿ ತೊಡೆಮೂಳೆಯ ಗುಂಡಿಗೆ ಲೋಹದ ಹೊದಿಕೆ ಕೂರಿಸುವ ರಿಸರ್ಫೇಸಿಂಗ್ ಮಾಡಿಸಿಕೊಂಡು, 2019ರ ಅಕ್ಟೋಬರ್‌ನಲ್ಲಿ ಆಂಟ್‌ವರ್ಪ್ ಟೂರ್ನಿ ಗೆದ್ದರು. ಜಗತ್ತಿನ ಅತ್ಯುತ್ತಮ ಆರೈಕೆ ಸಿಗುವವರಿಗೂ ದಾರಿ ಮೂರು ಕಡೆ ಕವಲೊಡೆಯಿತು. ಹಾಗಾಗಿ "ಇಂಥವರಿಗೆ ಆಗಿ ಸರಿಹೋಯ್ತಂತೆ" ಎಂಬ ಮಾತನ್ನು ಆಧಾರ ಮಾಡಿಕೊಂಡು ಆಪರೇಷನ್ನಿಗೆ ಹೋಗಬೇಡಿ, ಬಿಡಲೂ ಬೇಡಿ.

ನೃತ್ಯದವರು ಮತ್ತು ಮೈ ಬಹಳ ಬಳುಕುವವರು ಇನ್ನೊಂದು ವಿಷಯಕ್ಕೆ ಎಚ್ಚರವಿರಬೇಕು. ಕೆಲವರ ಬಟ್ಟಲು ಹುಟ್ಟಿನಿಂದಲೇ ಆಳ ಸಾಲದ್ದು. ವೈದ್ಯರು ಡಿಸ್‌ಪ್ಲೇಸಿಯಾ ಎನ್ನುತ್ತಾರೆ. ಹೆಂಗಸರಲ್ಲಿ ಇದು ಹೆಚ್ಚು. ಬಟ್ಟಲು ಸಾಲದ ಕಡೆ ಲೇಬ್ರಮ್ಮೇ ಭಾರ ಹೊತ್ತು ದಪ್ಪಗಾಗಿ ಕೊನೆಗೆ ಹರಿಯುತ್ತದೆ. ಇಂಥ ಕೀಲಿನಲ್ಲಿ ಹೊಲಿಗೆಯೊಂದನ್ನೇ ಹಾಕಿದರೆ ಮೂಲ ಕಾರಣ ಹಾಗೇ ಉಳಿಯುತ್ತದೆ, ಕೀಲು ಇನ್ನಷ್ಟು ಸಡಿಲವಾಗುವ ಅಪಾಯವೂ ಇದೆ. ಅಂಥವರಿಗೆ ಬಟ್ಟಲನ್ನೇ ಕತ್ತರಿಸಿ ತಿರುಗಿಸಿ ಕೂರಿಸುವ ದೊಡ್ಡ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಅದನ್ನು ರೂಪಿಸಿದ್ದೂ ಬರ್ನ್‌ನ ಗಾಂಜ್ ಅವರೇ, 1980ರ ದಶಕದಲ್ಲಿ. ಎಕ್ಸ್‌ರೇಯಲ್ಲಿ ಬಟ್ಟಲು ಗುಂಡನ್ನು ಎಷ್ಟು ಮುಚ್ಚಿದೆ ಎಂಬುದನ್ನು ಒಂದು ಕೋನದಲ್ಲಿ ಅಳೆಯುತ್ತಾರೆ. 25 ಡಿಗ್ರಿಗಿಂತ ಕಡಿಮೆಯಿದ್ದರೆ ಆಳದ ವಿಚಾರ ಮಾತಾಡಿಯೇ ಮುಂದುವರಿಯಬೇಕು. ಅರೆಮಂಡಿ ಸಾಕಷ್ಟು ಅಗಲವಾಗುತ್ತಿಲ್ಲ ಎಂದು ಮಕ್ಕಳ ತೊಡೆಯ ಮೇಲೆ ನಿಂತು ಒತ್ತುವ ಗುರುಗಳಿಗೆ, ಪದ್ಮಾಸನದಲ್ಲಿ ತೊಡೆಸಂದು ಚುಚ್ಚಿದರೂ "ಬಿಡಬೇಡಿ, ಪಳಗುತ್ತೆ" ಎನ್ನುವ ಯೋಗ ಶಿಕ್ಷಕರಿಗೆ ಇಲ್ಲೇ ಒಂದು ಮಾತು: ಸ್ನಾಯು ಪಳಗುತ್ತದೆ, ಎಲುಬಿನ ಆಕಾರ ಪಳಗುವುದಿಲ್ಲ.

ಆಪರೇಷನ್ ಮಾಡಿಸಿಕೊಳ್ಳಲು ನಿರ್ಧರಿಸಿದವರಿಗೆ ಮುಂದಿನ ದಾರಿ ಚಿಕ್ಕದಾಗಿ ಹೇಳಿಬಿಡುತ್ತೇನೆ. ಕಾಲನ್ನು ಎಳೆದು ಕೀಲಿನ ಸಂದು ತೆರೆದು, ಎರಡು ಮೂರು ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಮತ್ತು ಉಪಕರಣ ಇಳಿಸುತ್ತಾರೆ. ಎಳೆತದಿಂದ ತೊಡೆಯ ಪಕ್ಕದಲ್ಲೋ ಗುಪ್ತಾಂಗದ ಬಳಿಯೋ ಮರಗಟ್ಟಿದಂತಾಗಬಹುದು, ಸಾಮಾನ್ಯವಾಗಿ ಅದು ತಾನಾಗಿ ಹೋಗುತ್ತದೆ. ಕೆಲವು ವಾರ ಊರುಗೋಲು. ಆಟಕ್ಕೆ ಸಾಧಾರಣವಾಗಿ ನಾಲ್ಕರಿಂದ ಆರು ತಿಂಗಳು, ಕೆಲವರಿಗೆ ಇನ್ನೂ ಹೆಚ್ಚು. ನಮ್ಮ ಮನೆಗಳಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದು, ಕುಕ್ಕರಗಾಲಲ್ಲಿ ಕೂರುವುದು, ಇಂಡಿಯನ್ ಟಾಯ್ಲೆಟ್ ಇವೆಲ್ಲ ದಿನನಿತ್ಯದವು. ಮೊದಲ ತಿಂಗಳುಗಳಲ್ಲಿ ಇವು ಬೇಡ. ಆಮೇಲೆ ಎಷ್ಟು ಮರಳಿ ಬಂದೀತು ಎಂಬುದನ್ನು ಮೊದಲೇ ಕೇಳಿಟ್ಟುಕೊಳ್ಳಿ. ನಿಮಗೆ ಬೇಕಾದದ್ದು ಪೂಜೆಗೆ ಒಂದು ಗಂಟೆ ನೆಲದ ಮೇಲೆ ಕೂರುವುದೋ, ಮ್ಯಾರಥಾನೋ ಎಂಬುದನ್ನು ಸರ್ಜನ್ನರಿಗೆ ನೀವೇ ಹೇಳಬೇಕು.

ನನ್ನ ವೃತ್ತಿಯವರ ಬಗ್ಗೆಯೂ ಹೇಳದಿದ್ದರೆ ಪತ್ರ ಒಂದು ಕಡೆ ವಾಲೀತು. "ಫಿಸಿಯೋ ಮಾಡಿಸಿದೆ, ಪ್ರಯೋಜನ ಆಗಲಿಲ್ಲ" ಎಂದು ಬಂದವರನ್ನು ವಿಚಾರಿಸಿದರೆ, ಹಲವರಿಗೆ ಸಿಕ್ಕಿರುವುದು ಕರೆಂಟ್ ಶಾಖ, ಒಂದಿಷ್ಟು ಮಸಾಜ್, ನಾಲ್ಕು ಎಳೆತದ ವ್ಯಾಯಾಮ. ಅದು ಚಿಕಿತ್ಸೆಯೇ ಅಲ್ಲ. ಫ್ಯಾಷನ್ ಅಧ್ಯಯನದಲ್ಲಿ ಕೊಟ್ಟದ್ದು ಮೂರರಿಂದ ಆರು ತಿಂಗಳ, ಹಂತಹಂತವಾಗಿ ಭಾರ ಏರಿಸುತ್ತಾ ಹೋಗುವ ಕಾರ್ಯಕ್ರಮ: ಪೃಷ್ಠದ ಮತ್ತು ಹೊಟ್ಟೆಯ ಸ್ನಾಯುಗಳಿಗೆ ಬಲ, ಕೀಲನ್ನು ಇಕ್ಕಟ್ಟಿಗೆ ಸಿಕ್ಕಿಸುವ ಚಲನೆಗಳನ್ನು ಬದಲಾಯಿಸುವ ತರಬೇತಿ, ನೋವಿಗೆ ಔಷಧಿ. ಅಂಥದ್ದನ್ನು ಮೂರು ತಿಂಗಳು ನಿಷ್ಠೆಯಿಂದ ಮಾಡಿ, ನೋವು ತಗ್ಗದಿದ್ದರೆ ಆಪರೇಷನ್ನಿನ ಮಾತು ನ್ಯಾಯವಾದದ್ದು. ಮಾಡದೆಯೇ ಹೋದರೆ, ಆಪರೇಷನ್ ಬೇಕಿತ್ತೇ ಇಲ್ಲವೇ ಎಂಬುದು ಕೊನೆಗೂ ಗೊತ್ತಾಗುವುದಿಲ್ಲ.

ಹಾಗಾದರೆ ಮುಂದಿನ ಭೇಟಿಯಲ್ಲಿ ಏನು ಕೇಳಬೇಕು? ಒಂದು, ನನ್ನ ಕೀಲಿನ ಸಂದು ಎಷ್ಟು ಮಿಲಿಮೀಟರ್ ಇದೆ, ಎಕ್ಸ್‌ರೇ ಮೇಲೆ ಅಳೆದು ತೋರಿಸಿ ಎನ್ನಿ. ಎರಡು, ಬಟ್ಟಲಿನ ಆಳ ಸಾಕಷ್ಟಿದೆಯೇ ಎಂದು ಕೇಳಿ. ಮೂರು, ಲೇಬ್ರಮ್ ಹೊಲಿಯುವುದರ ಜೊತೆ ಉಬ್ಬನ್ನು ಕೆತ್ತುತ್ತೀರಾ, ಒಳಹೋಗಲು ಕತ್ತರಿಸಿದ ಕೀಲಿನ ಪೊರೆಯನ್ನು ಕೊನೆಗೆ ಹೊಲಿದು ಮುಚ್ಚುತ್ತೀರಾ ಎಂದು ಕೇಳಿ. ನಾಲ್ಕು, ಒಳಗೆ ಹೋದಾಗ ಮೃದ್ವಸ್ಥಿ ಕಿತ್ತುಹೋಗಿರುವುದು ಕಂಡರೆ ಆಗ ಏನು ಮಾಡುತ್ತೀರಿ ಎಂದು ಕೇಳಿ. ಐದು, ಇಂಥ ಆಪರೇಷನ್ ವರ್ಷಕ್ಕೆ ಎಷ್ಟು ಮಾಡುತ್ತೀರಿ, ಐದು ವರ್ಷ ಹಿಂದಿನ ನಿಮ್ಮ ರೋಗಿಗಳು ಈಗ ಹೇಗಿದ್ದಾರೆ ಎಂದು ಕೇಳಿ. ಕೊನೆಯ ಪ್ರಶ್ನೆ ಕೇಳಲು ಸಂಕೋಚವಾಗುತ್ತದೆ, ಗೊತ್ತು. ಬ್ರಿಟನ್ ಮತ್ತು ಡೆನ್ಮಾರ್ಕ್‌ಗಳಲ್ಲಿ 2012ರಿಂದ ಈ ಬಗೆಯ ಶಸ್ತ್ರಚಿಕಿತ್ಸೆಗೆ ರಾಷ್ಟ್ರೀಯ ದಾಖಲಾತಿ ಇದೆ. ರೋಗಿ ವರ್ಷಗಳ ನಂತರ ಹೇಗಿದ್ದಾನೆ ಎಂಬುದು ಅಲ್ಲಿ ಲೆಕ್ಕಕ್ಕೆ ಸಿಗುತ್ತದೆ. ನಮ್ಮ ಕಡೆ ನನ್ನ ಬಳಿ ಬಂದ ಯಾವ ರೋಗಿಯ ಕೈಯಲ್ಲೂ ಅಂಥ ಲೆಕ್ಕವನ್ನು ನಾನು ನೋಡಿಲ್ಲ. ನೀವು ಕೇಳುತ್ತಾ ಹೋದರೆ ಸರ್ಜನ್ನರು ಬರೆದಿಡುತ್ತಾ ಹೋಗುತ್ತಾರೆ. ಒಳ್ಳೆಯ ಸರ್ಜನ್ ಈ ಪ್ರಶ್ನೆಗೆ ಸಿಡುಕುವುದಿಲ್ಲ.

ಆಪರೇಷನ್ ಆದವರು ಡಿಸ್‌ಚಾರ್ಜ್ ಸಾರಾಂಶದ ಜೊತೆಗೆ ಆಪರೇಷನ್ ನೋಟ್ಸ್ ಮತ್ತು ಕ್ಯಾಮೆರಾ ತೆಗೆದ ಚಿತ್ರಗಳನ್ನೂ ಕೇಳಿ ಪಡೆಯಿರಿ. ಎಷ್ಟು ಆಂಕರ್ ಹಾಕಿದರು, ಮೃದ್ವಸ್ಥಿ ಹೇಗಿತ್ತು, ಎಷ್ಟು ಎಲುಬು ಕೆತ್ತಿದರು ಎಂಬುದೆಲ್ಲ ಅದರಲ್ಲಿರುತ್ತದೆ. ಐದಾರು ವರ್ಷದ ಮೇಲೆ ನೋವು ಮರುಕಳಿಸಿದರೆ, ಹೊಸ ಎಂಆರ್‌ಐಗಿಂತ ಆ ಹಳೆಯ ಕಾಗದವೇ ಹೆಚ್ಚು ಹೇಳುತ್ತದೆ. ಒಮ್ಮೆ ಹೊಲಿದ ಲೇಬ್ರಮ್ ಎಂಆರ್‌ಐಯಲ್ಲಿ ಮೊದಲಿನಂತೆ ಕಾಣುವುದೇ ಇಲ್ಲ, ಅದನ್ನು ಮತ್ತೆ ಹರಿದಿದೆ ಎಂದು ಓದಿಬಿಡುವುದು ಸುಲಭ.

ಎಲ್ಲ ಕೂಡಿಸಿ ಹೇಳುವುದಾದರೆ: ನಿಮಗೆ ವಯಸ್ಸು ನಲವತ್ತರೊಳಗೆ, ಕೀಲಿನ ಸಂದು ಚೆನ್ನಾಗಿದೆ, ಬಟ್ಟಲು ಆಳವಾಗಿದೆ, ಎಲುಬಿನ ಉಬ್ಬು ಸ್ಪಷ್ಟವಾಗಿದೆ, ಸರಿಯಾದ ವ್ಯಾಯಾಮ ಮಾಡಿಯೂ ನೋವು ಹೋಗಿಲ್ಲ ಎಂದರೆ ಈ ಆಪರೇಷನ್ ನಿಮಗೆ ವರ್ಷಗಟ್ಟಲೆ ನೆಮ್ಮದಿ ಕೊಡುವ ಸಾಧ್ಯತೆ ಚೆನ್ನಾಗಿದೆ, ಅಂಜಬೇಡಿ. ವಯಸ್ಸು ಐವತ್ತರ ಹತ್ತಿರ, ಸಂದು 2 ಮಿಲಿಮೀಟರಿಗೆ ಇಳಿದಿದೆ ಎಂದರೆ ಲೇಬ್ರಮ್ ಎಷ್ಟೇ ಹರಿದಿರಲಿ, ಹೊಲಿಗೆಗೆ ದುಡ್ಡು ಸುರಿಯಬೇಡಿ. ವ್ಯಾಯಾಮ, ತೂಕ, ನೋವಿನ ಔಷಧಿಯಿಂದ ಆದಷ್ಟು ದಿನ ದೂಡಿ. ಆಗದಿದ್ದರೆ ಕೀಲು ಬದಲಾವಣೆಯೇ ನೇರವಾದ ದಾರಿ. ಈ ಎರಡರ ನಡುವೆ ಇರುವವರು ಹೆಚ್ಚಿನವರು. ನಿಮಗೆ ಎರಡನೆಯ ಸರ್ಜನ್ನರ ಅಭಿಪ್ರಾಯ ಬೇಕೇ ಬೇಕು. ಲೇಬ್ರಮ್ ಹರಿದದ್ದು ಹೃದಯಾಘಾತವಲ್ಲ, ಈ ವಾರವೇ ತೀರ್ಮಾನವಾಗಬೇಕಾದ ತುರ್ತು ಇದರಲ್ಲಿಲ್ಲ. ಐದು ಪ್ರಶ್ನೆಗಳಿಗೆ ಉತ್ತರ ಬರೆಸಿಕೊಂಡು ಬನ್ನಿ, ಆಮೇಲೆ ದಿನಾಂಕ ಗೊತ್ತು ಮಾಡಿಕೊಳ್ಳಿ.

ಇಂತಿ ನಿಮ್ಮ,
ಮೈಸೂರಿನ ಒಬ್ಬ ಫಿಸಿಯೋಥೆರಪಿಸ್ಟ್